ಫಾಗ್ ಲೈಟ್ ಹಾಕಿಸಿದ್ದಕ್ಕೆ ಇಂಜಿನ್ ವಾರಂಟಿ ಇಲ್ಲ ಅಂತಾರೆ, ಏನು ಮಾಡೋದು?

ಪಶುವೈದ್ಯೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆ ದನಗಳ ಡಾಕ್ಟರು. ಗಾಡಿ 1.5 ಲೀಟರ್ ಡೀಸೆಲ್, ಬಿಎಸ್-6, ಮ್ಯಾನ್ಯುವಲ್ ಗೇರು. ಶೋರೂಮಿನಿಂದ ಹೊಸದಾಗಿಯೇ ತಗೊಂಡಿದ್ದು. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಓಡಿರುವುದು 41 ಸಾವಿರ. ಮೂರು ವರ್ಷ ತುಂಬಲು ಇನ್ನು ಕೆಲವೇ ತಿಂಗಳಿದೆ.

ಏರು ಹತ್ತುವಾಗ ಇದ್ದಕ್ಕಿದ್ದಂತೆ ಇಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಗಾಡಿಯ ಎಳೆತವೇ ಹೋಗುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ 2500 ಆರ್‌ಪಿಎಂ ದಾಟುವುದಿಲ್ಲ. ಒಮ್ಮೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಹೀಗಾಯಿತು. ಹೇರ್‌ಪಿನ್ ತಿರುವು, ಹಿಂದೆ ಬಸ್ಸು, ಜಡಿಮಳೆ. ತೆವಳಿಕೊಂಡೇ ಮೇಲೆ ಬಂದೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ನನ್ನ ಕೆಲಸಕ್ಕೆ ಇಂಥ ಗಾಡಿ ಆಗಿಬರುವುದಿಲ್ಲ. ಕರು ಅಡ್ಡ ಸಿಕ್ಕಿದೆ ಎಂದು ರಾತ್ರಿ ಫೋನ್ ಬರುತ್ತದೆ. ನಾನು ತಡ ಮಾಡಿದರೆ ಹಸುವೂ ಉಳಿಯುವುದಿಲ್ಲ, ಕರುವೂ ಉಳಿಯುವುದಿಲ್ಲ.

ಸರ್ವಿಸ್ ಸೆಂಟರಿಗೆ ಬಿಟ್ಟಾಗಲೆಲ್ಲ ಇಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿ, 'ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ಕಟ್ಟಿಕೊಂಡಿತ್ತು, ರೀಜನ್ (ಆ ಮಸಿ ಸುಡುವುದು) ಮಾಡಿದ್ದೇವೆ' ಎಂದು ವಾಪಸ್ ಕೊಡುತ್ತಾರೆ. ಕೆಲವು ವಾರ ಚೆನ್ನಾಗಿರುತ್ತದೆ, ಮತ್ತೆ ಅದೇ ಹಾಡು. ಈಗ ಡಿಪಿಎಫ್ಫೇ ಬದಲಾಯಿಸಬೇಕಂತೆ. ಒಂದು ಲಕ್ಷಕ್ಕೂ ಜಾಸ್ತಿ ಖರ್ಚು, ವಾರಂಟಿ ಕೊಡುವುದಿಲ್ಲ. ಯಾಕೆ ಎಂದರೆ 'ಮೇಡಂ, ಗಾಡಿ ಮಾಡಿಫೈ ಆಗಿದೆ' ಎನ್ನುತ್ತಾರೆ.

ನಾನು ಹಾಕಿಸಿರುವುದು ಎರಡೇ. ಮುಂದೆ ಒಂದು ಜೊತೆ ಹಳದಿ ಫಾಗ್ ಲೈಟು, ಹಿಂದೆ ಲಸಿಕೆ ಇಡಲು 12 ವೋಲ್ಟಿನ ಸಣ್ಣ ಫ್ರಿಜ್ಜು. ಎರಡಕ್ಕೂ ಬ್ಯಾಟರಿಯಿಂದಲೇ ಬೇರೆ ವೈರು, ರಿಲೇ, ಫ್ಯೂಸ್ ಇದೆ. ಕಂಪನಿಯ ವೈರು ಒಂದನ್ನೂ ಕತ್ತರಿಸಿಲ್ಲ. ಮಳೆಗಾಲದ ಮಂಜಿನಲ್ಲಿ ಫಾಗ್ ಲೈಟ್ ಇಲ್ಲದೆ, ಫ್ರಿಜ್ಜಿಲ್ಲದೆ ನಾನು ಕೆಲಸ ಮಾಡುವುದು ಹೇಗೆ? ಲೈಟಿಗೂ ಸೈಲೆನ್ಸರಿನ ಮಸಿಗೂ ಏನು ಸಂಬಂಧ? ತಿಳಿದವರು ಹೇಳಿ.

ಘಾಟಿ ಸವಾರ

ಮೇಡಂ, ತಲೆ ಕೆಡಿಸಿಕೊಳ್ಳಬೇಡಿ. ಡಿಪಿಎಫ್ ಒಳಗಿನದನ್ನು ತೆಗೆಸಿ ಇಸಿಯು ರೀಮ್ಯಾಪ್ ಮಾಡಿಸಿಬಿಡಿ, ಅಂದ್ರೆ ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸೋದು. ಲಕ್ಷ ಕೊಡೋ ಬದಲು ಕಡಿಮೆಯಲ್ಲಿ ಮುಗಿಯುತ್ತೆ, ಪಿಕಪ್ಪೂ ಜಾಸ್ತಿ ಆಗುತ್ತೆ.

ಹಳೇ ಗ್ಯಾರೇಜು, ಸಾಗರ

ಡಾಕ್ಟ್ರೇ, ದಯವಿಟ್ಟು ಮೇಲಿನ ಮಾತು ಕೇಳಬೇಡಿ ಮಾರಾಯ್ರೆ. ಈಗ ನ್ಯಾಯ ನಿಮ್ಮ ಕಡೆ ಇದೆ. ಡಿಪಿಎಫ್ ತೆಗೆಸಿದ ದಿನ ಅದನ್ನು ನೀವೇ ಕೈಯಾರೆ ಕೊಟ್ಟ ಹಾಗೆ. ಆಮೇಲೆ ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೋ ಹೋದರೂ, ಇಂಜೆಕ್ಟರ್ ಹೋದರೂ ಯಾರೂ ಕೇಳುವುದಿಲ್ಲ. ಗಾಡಿ ಹಿಂದೆ ಬರುವವರು ಕುಡಿಯುವ ಹೊಗೆ ಬೇರೆ.

ಡಿಪಿಎಫ್ ಎಂದರೆ ಸೈಲೆನ್ಸರ್ ದಾರಿಯಲ್ಲಿರುವ ಜರಡಿ. ಮಸಿ ಹಿಡಿದಿಟ್ಟು, ತುಂಬಿದಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಡುತ್ತದೆ. ಅದು ಪೂರ್ತಿ ಸುಡಬೇಕಾದರೆ ಗಾಡಿ ಒಂದೇ ಹದದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ನಿಮ್ಮದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಟ. ಸುಡಲು ಶುರುವಾಗುವಷ್ಟರಲ್ಲಿ ಆಫ್ ಮಾಡುತ್ತೀರಿ. ಸುಡಲಿಕ್ಕೆಂದು ಹೆಚ್ಚಾಗಿ ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಬೆಳಿಗ್ಗೆ ಸಮತಟ್ಟು ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಮೇಲಿನ ಗುರುತು ದಾಟಿದ್ದರೆ, ಬೆರಳಿಗೆ ತೆಳ್ಳಗೆ ಸಿಕ್ಕಿ ಡೀಸೆಲ್ ವಾಸನೆ ಹೊಡೆದರೆ ಮೊದಲು ಆಯಿಲ್ ಬದಲಾಯಿಸಿ. ಆ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಸವೆಯುತ್ತದೆ.

ಆದರೆ ಇಷ್ಟೇ ಆಗಿದ್ದರೆ ದೀಪ ಊರೊಳಗೂ ಹೊತ್ತಬೇಕಿತ್ತು, ಅಲ್ವಾ? ನಿಮ್ಮದು ಏರಿನಲ್ಲೇ ಕೈಕೊಡುತ್ತಿದೆ. ಏರಿನಲ್ಲಿ ಟರ್ಬೋ ಪೂರ್ತಿ ದುಡಿಯುತ್ತದೆ. ಗಾಳಿ ಎಲ್ಲೋ ಸೋರುತ್ತಿದೆ ಎಂದು ನನಗೆ ಅನುಮಾನ. ಸರ್ವಿಸ್ ಸೆಂಟರಿನವರು ಕೊಟ್ಟ ಜಾಬ್ ಕಾರ್ಡಿನಲ್ಲಿ ಕೋಡ್ ನಂಬರ್ ಬರೆದಿದ್ದಾರಾ ನೋಡಿ ಹೇಳಿ. ಯಾವುದು ಮೊದಲು ಬಂತು ಅನ್ನುವುದು ಮುಖ್ಯ.

ಪಶುವೈದ್ಯೆ, ತೀರ್ಥಹಳ್ಳಿ

ತುಂಬಾ ಉಪಕಾರ. ಹಳೆಯ ಜಾಬ್ ಕಾರ್ಡೆಲ್ಲ ಫೈಲಿನಲ್ಲಿತ್ತು. ಮೊದಲ ಎರಡರಲ್ಲಿ ಪಿ0299 ಮಾತ್ರ ಇದೆ. ಆಮೇಲಿನವುಗಳಲ್ಲಿ ಪಿ0299 ಜೊತೆಗೆ ಪಿ2463. ಡಿಪ್‌ಸ್ಟಿಕ್ ನೋಡಿದೆ. ಆಯಿಲ್ ಮೇಲಿನ ಗುರುತಿಗಿಂತ ಬೆರಳಗಲ ಮೇಲಿದೆ, ವಾಸನೆಯೂ ಇದೆ.

ಹಳೇ ಗ್ಯಾರೇಜು, ಸಾಗರ

ನೋಡಿ, ನಿಮ್ಮ ಉತ್ತರ ಅವರ ಕಾಗದದಲ್ಲೇ ಇದೆ. ಪಿ0299 ಎಂದರೆ ಟರ್ಬೋ ಒತ್ತಡ ಸಾಲುತ್ತಿಲ್ಲ. ಪಿ2463 ಎಂದರೆ ಡಿಪಿಎಫ್‌ನಲ್ಲಿ ಮಸಿ ಜಾಸ್ತಿ. ಗಾಳಿ ಕಡಿಮೆಯಾದರೆ ಡೀಸೆಲ್ ಸರಿಯಾಗಿ ಉರಿಯದೆ ಮಸಿ ಹೆಚ್ಚುತ್ತದೆ. ಮೂಲ ಬಿಟ್ಟು ಬರೀ ಡಿಪಿಎಫ್ ಸುಟ್ಟು ಕಳಿಸುತ್ತಿದ್ದಾರೆ. ಹೀಗೆ ಹೊಸ ಡಿಪಿಎಫ್ ಹಾಕಿದರೂ ಅದೂ ಕಟ್ಟಿಕೊಳ್ಳುತ್ತದೆ.

ಟರ್ಬೋದಿಂದ ಗಾಳಿ ತಂಪು ಮಾಡುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಹೋಸ್ ಪೈಪ್ ನೋಡಿಸಿ. ಕ್ಲಾಂಪ್ ಇರುವ ಕಡೆ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕೂತು ಕಪ್ಪಗಾಗಿದ್ದರೆ ಸೋರುತ್ತಿರುವ ಜಾಗ ಅದೇ. ಗಾಡಿ ನಿಂತಾಗ ಸೀಳು ಕಾಣುವುದಿಲ್ಲ. ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಸ್ಮೋಕ್ ಟೆಸ್ಟ್ (ಪೈಪಿನೊಳಗೆ ಹೊಗೆ ಬಿಟ್ಟು ಸೋರುವ ಜಾಗ ಹುಡುಕುವುದು) ಮಾಡಿ ಎಂದು ಕೇಳಿ, ನೀವು ಪಕ್ಕದಲ್ಲೇ ನಿಂತುಕೊಳ್ಳಿ. ಹೊರಗೆ ಎಲ್ಲೂ ಬಿಚ್ಚಿಸಬೇಡಿ. ನನ್ನ ಹತ್ತಿರವೂ ತರಬೇಡಿ. ಹೊರಗಿನವರು ಕೈ ಹಾಕಿದರು ಅನ್ನುವ ನೆಪ ಅವರಿಗೆ ಸಿಗಬಾರದು.

ಕೌಂಟರ್ ಆ ಕಡೆಯಿಂದ

ನಾನು ಸರ್ವಿಸ್ ಅಡ್ವೈಸರ್ ಆಗಿದ್ದವನು. ಒಳಗೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ ಮೇಡಂ.

ವಾರಂಟಿ ಕ್ಲೈಮನ್ನು ಡೀಲರ್ ಕಂಪನಿಗೆ ಕಳಿಸಬೇಕು. ಕಂಪನಿ ಒಪ್ಪದಿದ್ದರೆ ಆ ದುಡ್ಡು ಡೀಲರ್ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಗಾಡಿಯಲ್ಲಿ ಹೊರಗಿನ ಲೈಟ್ ಕಂಡರೆ ಕಳಿಸಲಿಕ್ಕೇ ಹೆದರುತ್ತಾರೆ. 'ಆಗಲ್ಲ' ಎಂದು ನಿಮಗೆ ಹೇಳಿದ್ದು ಬಹುಶಃ ಕೌಂಟರಿನವರು, ಕಂಪನಿಯಲ್ಲ. ಬಾಯಿ ಮಾತನ್ನು ಒಪ್ಪಬೇಡಿ. 'ಕ್ಲೈಮ್ ಕಳಿಸಿ, ತಿರಸ್ಕಾರವಾದರೆ ಯಾವ ಬದಲಾವಣೆಯಿಂದ ಯಾವ ಭಾಗ ಕೆಟ್ಟಿತು ಎಂದು ಬರೆದು ಕೊಡಿ' ಎಂದು ಇಮೇಲ್ ಮಾಡಿ, ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದು ಪ್ರತಿ ಹಾಕಿ. ಬರೆದು ಕೊಡಬೇಕು ಎಂದಾಗ ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೊಂದು. ಕೋಡ್ ಬಿದ್ದ ಕ್ಷಣದ ವೇಗ, ಆರ್‌ಪಿಎಂ, ಬಿಸಿ ಎಲ್ಲ ಇಸಿಯುನಲ್ಲಿ ಉಳಿದಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತೇವೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಮುಂದಿನ ಸಲ ಅಳಿಸುವ ಮೊದಲು ಪ್ರಿಂಟ್ ಕೇಳಿ. ಇಸಿಯು ಕ್ಯಾಲಿಬ್ರೇಶನ್ ನಂಬರನ್ನೂ (ಅದರೊಳಗಿನ ಪ್ರೋಗ್ರಾಮಿನ ಗುರುತು ಸಂಖ್ಯೆ) ಅದರಲ್ಲೇ ಬರೆಸಿಕೊಳ್ಳಿ. ರೀಮ್ಯಾಪ್ ಆಗಿಲ್ಲ ಎಂದು ತೋರಿಸಲು ಅದು ಬೇಕು. ರೀಮ್ಯಾಪ್ ಮಾಡಿಸಿ, ಸರ್ವಿಸಿಗೆ ಬರುವ ಮೊದಲು ಹಳೆಯದನ್ನೇ ವಾಪಸ್ ಹಾಕಿಸಿದರೂ ಎಷ್ಟೋ ಗಾಡಿಗಳಲ್ಲಿ ಗುರುತು ಉಳಿಯುತ್ತದೆ. ಘಾಟಿ ಸವಾರರು ಇದನ್ನು ಗಮನಿಸಲಿ.

ಲೈಟು, ಫ್ರಿಜ್ಜಿನ ಲೋಡ್ ಅಂತ ಹೇಳಿದರೆ ಲೆಕ್ಕ ಹೇಳಿ. 55 ವಾಟಿನ ಎರಡು ಬಲ್ಬು, ಸಣ್ಣ ಫ್ರಿಜ್ಜು ಸೇರಿದರೂ 200 ವಾಟ್ ಆಗುವುದಿಲ್ಲ. ಇಂಥ ಗಾಡಿಯ ಆಲ್ಟರ್ನೇಟರ್ ಸಾವಿರ ವಾಟಿನ ಮೇಲೆ ಕೊಡುತ್ತದೆ. ಲೈಟಿನ ವೈರಿಂಗ್ ಸುಟ್ಟು ಹೆಡ್‌ಲೈಟ್ ಹೋಗಿದ್ದರೆ ಅವರು ಹೇಳುವುದು ಸರಿ ಎನ್ನುತ್ತಿದ್ದೆ. ಇದು ಹಾಗಲ್ಲ.

ಗ್ರಾಹಕ ಕೇಸು ನೋಡುವವ, ಹಾಸನ

ಕಾನೂನಿನ ಕಡೆಯಿಂದ ನಾನು ಹೇಳುತ್ತೇನೆ. ಯೂಟ್ಯೂಬಿನಲ್ಲಿ 'ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ಕಂಪನಿಯೇ ಸಾಬೀತು ಮಾಡಬೇಕು' ಎಂದು ನೋಡಿ ಬರುವವರು ಜಾಸ್ತಿ. ಅದು 1975ರ ಅಮೆರಿಕದ ಕಾಯ್ದೆ, ಇಲ್ಲಿ ನಡೆಯುವುದಿಲ್ಲ. ನಮಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ನಿಮ್ಮ ವಾರಂಟಿ ಪುಸ್ತಕ. ಮೊದಲು ಪುಸ್ತಕ ತೆಗೆದು ಓದಿ. 'ಬದಲಾವಣೆಯಿಂದ ಉಂಟಾದ ಹಾನಿ'ಗೆ ವಾರಂಟಿ ಇಲ್ಲ ಎಂದಿದೆಯೋ, ಬದಲಾವಣೆ ಮಾಡಿದರೆ ಇಡೀ ವಾರಂಟಿಯೇ ಇಲ್ಲ ಎಂದಿದೆಯೋ? ಎರಡಕ್ಕೂ ಅಜಗಜಾಂತರ. ಮೊದಲನೆಯದಾದರೆ ನಿಮ್ಮ ಕೈ ಗಟ್ಟಿ.

ಅವರ ವಕೀಲರು ಈ ಕಾಯ್ದೆಯ 87ನೇ ಕಲಂ ತೋರಿಸಬಹುದು. ಬದಲಾಯಿಸಿದ ವಸ್ತುವಿನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ಮಾರಿದವರ ವಿರುದ್ಧ ನಿಲ್ಲುವುದಿಲ್ಲ ಎಂದು ಅದು ಹೇಳುತ್ತದೆ. ಹೆದರಬೇಡಿ. ಅದು ವಸ್ತುವಿನಿಂದ ಜನರಿಗೋ ಬೇರೆ ಆಸ್ತಿಗೋ ಆದ ಹಾನಿಯ ವಿಷಯ. ವಸ್ತುವೇ ಕೆಟ್ಟರೆ ಆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು ದೋಷ ಮತ್ತು ಸೇವಾ ಲೋಪದ ದೂರು.

ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅಲ್ಲೇ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ವಕೀಲರು ಬೇಕೇ ಬೇಕು ಎಂದೇನಿಲ್ಲ. ತೊಂದರೆಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ತಾಂತ್ರಿಕ ಜಗಳವಾದರೆ 38ನೇ ಕಲಂ ಪ್ರಕಾರ ಆಯೋಗ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು, ಅದನ್ನು ದೂರಿನಲ್ಲೇ ಕೇಳಿಕೊಳ್ಳಿ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

ಪಶುವೈದ್ಯೆ, ತೀರ್ಥಹಳ್ಳಿ

ಎಲ್ಲರೂ ಹೇಳಿದಂತೆ ಮಾಡಿದೆ. ಪುಸ್ತಕದಲ್ಲಿ 'ಬದಲಾವಣೆಯಿಂದ ಉಂಟಾದ' ಎಂದೇ ಇದೆ. ಇಮೇಲ್ ಹೋದ ಮೇಲೆ ಕಂಪನಿಯ ಏರಿಯಾ ಎಂಜಿನಿಯರ್ ಬಂದರು. ನನ್ನ ಎದುರಿಗೇ ಸ್ಮೋಕ್ ಟೆಸ್ಟ್ ಆಯಿತು. ಇಂಟರ್‌ಕೂಲರಿನ ಕೆಳಗಿನ ಹೋಸ್, ಕ್ಲಾಂಪಿನ ಅಂಚಿಗೆ ಸರಿಯಾಗಿ, ಹಿಂಬದಿಯಲ್ಲಿ ಸೀಳಿತ್ತು. ಹೊಗೆ ಅಲ್ಲಿಂದಲೇ ಬುಸುಬುಸು ಬಂತು. ಮೇಲಿನಿಂದ ನೋಡಿದರೆ ಪೈಪ್ ಹೊಸದರಂತೆಯೇ ಇತ್ತು. ಇಷ್ಟು ದಿನ ಯಾರೂ ಕೆಳಗಿನಿಂದ ನೋಡಿರಲೇ ಇಲ್ಲ ಎಂದು ಸಿಟ್ಟೂ ಬಂತು.

ಹೋಸು, ಕ್ಲಾಂಪು ವಾರಂಟಿಯಲ್ಲಿ ಆಯಿತು. ಆಯಿಲ್, ಫಿಲ್ಟರ್ ಬದಲಾಯಿಸಿದರು. ಡಿಪಿಎಫ್‌ಗೆ ಮತ್ತೊಮ್ಮೆ ರೀಜನ್ ಮಾಡಿ, ಕ್ಲೈಮನ್ನೂ ಕಳಿಸಿದ್ದಾರೆ. ಜಾಬ್ ಕಾರ್ಡಿನಲ್ಲಿ 'ಗ್ರಾಹಕರು ಹಾಕಿಸಿದ ಲೈಟ್‌ಗೂ ಈ ದೋಷಕ್ಕೂ ಸಂಬಂಧ ಕಂಡುಬಂದಿಲ್ಲ' ಎಂದು ಬರೆಸಿಕೊಂಡಿದ್ದೇನೆ. ಡಿಪಿಎಫ್ ಉತ್ತರ ಇನ್ನೂ ಬಂದಿಲ್ಲ. ಈಗ ಏರು ಹತ್ತುತ್ತಿದೆ. ಉತ್ತರ ಬರುವಷ್ಟರಲ್ಲಿ ವಾರಂಟಿ ಮುಗಿದರೆ ಏನು ಮಾಡಲಿ?

ಗ್ರಾಹಕ ಕೇಸು ನೋಡುವವ, ಹಾಸನ

ಆ ಒಂದು ಸಾಲು ಬರೆಸಿಕೊಂಡಿದ್ದು ಬಹಳ ಒಳ್ಳೆಯದಾಯಿತು. ವಾರಂಟಿ ಅವಧಿಯೊಳಗೆ ದಾಖಲಾದ ದೋಷ ಅದು, ಉತ್ತರ ತಡವಾದರೂ ಅಲ್ಲೇ ಉಳಿಯುತ್ತದೆ. ಆದರೂ ಅವಧಿ ಮುಗಿಯುವ ಮೊದಲೇ ಎಲ್ಲ ಜಾಬ್ ಕಾರ್ಡಿನ ನಕಲು ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ. ಡೀಲರಿಗೊಂದು, ಕಂಪನಿಗೊಂದು.

ಹಳೇ ಗ್ಯಾರೇಜು, ಸಾಗರ

ವಾರಕ್ಕೊಮ್ಮೆಯಾದರೂ ಶಿವಮೊಗ್ಗ ರಸ್ತೆಯಲ್ಲಿ ಮೂರನೇ ನಾಲ್ಕನೇ ಗೇರಲ್ಲಿ, 2000 ಆರ್‌ಪಿಎಂ ಮೇಲೆ ಅರ್ಧ ಗಂಟೆ ಓಡಿಸಿ ಡಾಕ್ಟ್ರೇ. ಆಯಿಲ್ ಮಟ್ಟ ಮತ್ತೆ ಏರುತ್ತಿದೆಯಾ ಎಂದು ಬರೆದಿಡಿ. ಏರಿದರೆ ಡಿಪಿಎಫ್ ಇನ್ನೂ ಸರಿಯಾಗಿಲ್ಲ ಎಂದರ್ಥ. ತಾರೀಕಿನ ಸಮೇತ ಫೋಟೋ ತೆಗೆದು ಅದನ್ನೂ ನೋಟಿಸಿಗೆ ಸೇರಿಸಿ.