ಶೀನನ ಮಗಳ ಬ್ಯಾಗು

ನಾನು, ರಘು, ಭಟ್ಟರು ವಿನೋಬನಗರದಲ್ಲಿ ಶೀನನ ಮನೆ ಜಗಲಿ ಹತ್ತಿದಾಗ ಕುರ್ಚಿ ಮೇಲೆ ಒಂದು ಬ್ಯಾಗು ಕೂತಿತ್ತು. ಇಟ್ಟಿತ್ತು ಅಂತ ಬರೆಯೋಕೆ ಮನಸ್ಸು ಬರಲ್ಲ, ಬೀಗರು ಬಂದ ಹಾಗೆ ಕುರ್ಚಿ ತುಂಬ ಕೂತಿತ್ತು. ಭಟ್ಟರು ಅದಕ್ಕೆ ನಮಸ್ಕಾರ ಮಾಡೋದೊಂದು ಬಾಕಿ.

"ಯಾರು ಮಾರಾಯ, ವಿದೇಶಕ್ಕಾ?" ಅಂದ ರಘು.

"ಮಂಡಗದ್ದೆಗೆ," ಅಂದ ಶೀನ. "ಚಿನ್ನು ಗೈಡ್ಸ್ ಸೇರಿದಾಳೆ. ಮೊದಲನೇ ಕ್ಯಾಂಪು. ಎರಡು ರಾತ್ರಿ."

ಮಂಡಗದ್ದೆ ಶಿವಮೊಗ್ಗದಿಂದ 30 ಕಿಲೋಮೀಟರ್. ತೀರ್ಥಹಳ್ಳಿ ಬಸ್ಸು ಹತ್ತಿದರೆ ಕಂಡಕ್ಟರ್ ಚಿಲ್ಲರೆ ಕೊಡೋದರೊಳಗೆ ಬಂದುಬಿಡುತ್ತೆ. ಬ್ಯಾಗು ನೋಡಿದರೆ ಮಾತ್ರ ಹುಡುಗಿ ಹಿಮಾಲಯದ ಆ ಕಡೆ ಇಳಿಯೋ ಹಾಗಿತ್ತು.

ಶಾಲೆಯವರು ಕೊಟ್ಟ ಚೀಟಿ ಅಲ್ಲೇ ಇತ್ತು. ತಟ್ಟೆ, ಲೋಟ, ಹೊದಿಕೆ, ಎರಡು ಜೊತೆ ಬಟ್ಟೆ, ಟಾರ್ಚು, ಹಗ್ಗ. ಕೊನೆಗೆ ಒಂದು ಸಾಲು, 'ಮಗು ತಾನೇ ಹೊರುವಷ್ಟು ಮಾತ್ರ'. ಆ ಸಾಲು ಬಿಟ್ಟು ಉಳಿದದ್ದನ್ನೆಲ್ಲ ಮನೆಯವರು ಶ್ರದ್ಧೆಯಿಂದ ಓದಿದ್ದರು. ಶೀನ ಆನ್‌ಲೈನ್‌ನಲ್ಲಿ ನಾಲ್ಕು ಜನ ಮಲಗೋ ಟೆಂಟು ತರಿಸಿದ್ದ. ಟಾರ್ಚು ಮೂರು, ಅದರಲ್ಲಿ ಒಂದು ಹಣೆಗೆ ಕಟ್ಟೋದು. ಫೋನು ತರಬಾರದು ಅಂದಿದ್ದರೂ ಪವರ್ ಬ್ಯಾಂಕ್ ಇತ್ತು. ಅವನ ಹೆಂಡತಿ ಲಲಿತ ಕರೆಂಟಿನ ಕೆಟಲ್ ಹಾಕಿದ್ದಳು, ಮಗುವಿಗೆ ತಣ್ಣೀರು ಆಗಲ್ಲವಂತೆ. ಯಾವ ಮರಕ್ಕೆ ಪ್ಲಗ್ ಚುಚ್ಚಬೇಕು ಅಂತ ನಾನು ಕೇಳಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ಕಷಾಯದ ಪುಡಿ, ಒಂದು ಡಬ್ಬಿ ಚಕ್ಕುಲಿ, ಮಿಡಿ ಉಪ್ಪಿನಕಾಯಿ.

"ಈ ಬ್ಯಾಗು ಹೊರೋಕೆ ಸಕ್ರೆಬೈಲಿಂದ ಒಂದು ಆನೆ ಹೇಳಿದ್ಯಾ ಇಲ್ವಾ?" ಅಂತ ಒಳಗಿಂದ ದನಿ ಬಂತು.

ಶಾರದಕ್ಕ. ಶೀನನ ಅಕ್ಕ. ಅಡಿಕೆ ಮಂಡಿಗೆ ಅಂತ ತೀರ್ಥಹಳ್ಳಿ ಕಡೆಯಿಂದ ಬಂದವರು ತಮ್ಮನ ಮನೇಲಿ ಉಳಿದಿದ್ದರು. ಕಾಫಿ ತಂದಿಟ್ಟು ಅಲ್ಲೇ ಕಟ್ಟೆ ಮೇಲೆ ಕೂತರು.

"ನೀನು ತಮಾಷೆ ಮಾಡಬೇಡ ಅಕ್ಕ. ಚಿನ್ನು ಆಗಲೇ ಪೆಟ್ರೋಲ್ ಲೀಡರ್."

"ಹೌದಾ? ಲೀಟರ್‌ಗೆ ಎಷ್ಟಂತೆ?"

ಪೆಟ್ರೋಲ್ ಅಂದರೆ ಆರೆಂಟು ಹುಡುಗಿಯರ ಗುಂಪು. ಚಿನ್ನು ಗುಂಪಿನ ಹೆಸರು ಮಲ್ಲಿಗೆ. ಗುಂಪಿನ ಕೆಲಸ ಹಂಚೋದು, ಎಲ್ಲರೂ ಬಂದ್ರಾ ನೋಡೋದು ಲೀಡರ್ ಹೊಣೆ. ಹಾಗಂತ ಶೀನ ವಿವರಿಸೋ ಹೊತ್ತಿಗೆ ಭಟ್ಟರು ಗಂಟಲು ಸರಿಮಾಡಿಕೊಂಡರು. ರಿಟೈರ್ ಆದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರೆ ಇಸವಿ ಬರುತ್ತೆ ಅಂತಲೇ ಅರ್ಥ.

"1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಲ್ಲಿ ಹುಡುಗರ ಸ್ಕೌಟ್ ಮೇಳ. ಕರೆಯದಿದ್ರೂ ಹುಡುಗಿಯರ ಒಂದು ಗುಂಪು ಬಂದು ನಿಂತಿತು, ನಾವೂ ಸ್ಕೌಟೇ ಅಂತ. ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ ಎಂತ ಮಾಡ್ತಾರೆ? ಮರುವರ್ಷ ಗೈಡ್ಸ್ ಶುರು, ತಂಗಿ ಆಗ್ನೆಸ್ ಕೈಗೆ ಕೊಟ್ಟರು. 1911ಕ್ಕೆ ಜಬಲ್ಪುರದಲ್ಲಿ ನಮ್ಮ ದೇಶಕ್ಕೂ ಬಂತು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ 1950ರದ್ದು, ಗೈಡ್ಸ್‌ನವರು ಅದಕ್ಕೆ ಸೇರಿದ್ದು 1951ರ ಆಗಸ್ಟ್ 15ಕ್ಕೆ."

"ಆ ಕರೆಯದೇ ಬಂದ ಹುಡುಗಿಯರು ಎಷ್ಟು ಡಬ್ಬಿ ಚಕ್ಕುಲಿ ತಂದಿದ್ರಂತೆ ಮೇಷ್ಟ್ರೇ?" ಅಂದರು ಶಾರದಕ್ಕ.

ಆಗ ರಘು ಅಮೆರಿಕ ತೆಗೆದ. ಅವನ ಅಣ್ಣ ನ್ಯೂಜೆರ್ಸಿಯಲ್ಲಿದ್ದಾನೆ. ಯಾವ ಮಾತು ಶುರುವಾದರೂ ಹತ್ತು ನಿಮಿಷಕ್ಕೆ ನ್ಯೂಜೆರ್ಸಿ ಮುಟ್ಟುತ್ತೆ.

"ಅಲ್ಲಿ ಹುಡುಗರ ಸ್ಕೌಟಿಗೇ 2019ರ ಫೆಬ್ರವರಿಯಿಂದ ಹುಡುಗಿಯರನ್ನೂ ತಗೋತಾರೆ. 11ರಿಂದ 17 ವರ್ಷ. ಬರೀ ಹುಡುಗಿಯರದ್ದೇ ಬೇರೆ ಟ್ರೂಪ್ ಮಾಡಿದ್ರು. ನಮ್ಮಣ್ಣನ ಮಗಳು ಅದರಲ್ಲಿದಾಳೆ."

"ಬಿಸ್ಕತ್ತು ಮಾರ್ತಾರಲ್ಲ, ಅದಾ?" ಅಂದೆ ನಾನು. ನನಗೂ ಅಷ್ಟು ಗೊತ್ತು ಅಂತ ತೋರಿಸಬೇಕಲ್ಲ.

"ಅದು ಬೇರೆ ಮಾರಾಯ. ಅದು ಗರ್ಲ್ ಸ್ಕೌಟ್ಸ್, 1912ರದ್ದು. ಇದರಲ್ಲಿ ದೊಡ್ಡ ಪದವಿ ಅಂದ್ರೆ ಈಗಲ್. 21 ಬ್ಯಾಡ್ಜ್ ಬೇಕು, ಅದರ ಮೇಲೆ ಊರಿಗೆ ಉಪಯೋಗ ಆಗೋ ಒಂದು ಕೆಲಸ ತಾನೇ ಮುಂದೆ ನಿಂತು ಮಾಡಿಸಬೇಕು. 2021ರಲ್ಲಿ ಹುಡುಗಿಯರ ಮೊದಲ ತಂಡ ಈಗಲ್ ಆಯ್ತು. ಕ್ಯಾಂಪಿಗೆ ಹೋದರೆ ಕನಿಷ್ಠ ಇಬ್ಬರು ದೊಡ್ಡವರು ಇರಲೇಬೇಕು, ಹುಡುಗಿಯರು ಇದ್ದ ಕಡೆ 21 ದಾಟಿದ ಹೆಂಗಸು ಒಬ್ಬರಾದ್ರೂ ಇರಬೇಕು. ಆದರೆ ಅವರೆಲ್ಲ ದೂರ ಕೂರಬೇಕು, ಅಷ್ಟೇ. ಟೆಂಟು ಎಲ್ಲಿ, ಅಡುಗೆ ಎಂತ, ಎಲ್ಲಾ ಹುಡುಗಿಯರದ್ದೇ ತೀರ್ಮಾನ. ಅನ್ನ ಸೀದರೆ ಸೀದಿದ್ದೇ ಊಟ. ನಮ್ಮಣ್ಣ ಒಂದು ಸಲ ಹೋಗಿದ್ದ. ಸಾರು ಉಕ್ಕೋದು ಕಣ್ಣಿಗೆ ಕಾಣ್ತಿದೆ, ಏಳೋ ಹಾಗಿಲ್ಲ. ಅಷ್ಟು ಕಷ್ಟ ಅವನು ವೀಸಾಕ್ಕೂ ಪಟ್ಟಿರಲಿಲ್ಲವಂತೆ."

"ಗಂಡಸರನ್ನ ಸುಮ್ನೆ ಕೂರಿಸೋಕೆ ಅಮೆರಿಕಕ್ಕೆ ಒಂದು ಸಂಸ್ಥೆನೇ ಬೇಕಾಯ್ತಾ?" ಅಂದರು ಶಾರದಕ್ಕ. "ನಮ್ಮಲ್ಲಿ ಹೇಳದೇ ಕೂರ್ತಾರೆ."

ಇಷ್ಟು ಹೊತ್ತಿಗೆ ಶೀನ ಒಂದು ನೈಲಾನ್ ಹಗ್ಗ ಹಿಡಿದು ಫೋನಿನಲ್ಲಿ ಯೂಟ್ಯೂಬ್ ಹಾಕಿಕೊಂಡು ಕೂತಿದ್ದ. ಕ್ಲೋವ್ ಹಿಚ್ ಗಂಟು. ಮಗಳಿಗೆ ರಾತ್ರಿ ಹೇಳಿಕೊಟ್ಟರೆ ಬೆಳಿಗ್ಗೆ ಕ್ಯಾಂಪಲ್ಲಿ ಎಲ್ಲರಿಗಿಂತ ಮುಂದೆ ಇರ್ತಾಳೆ ಅನ್ನೋದು ಅವನ ಲೆಕ್ಕ. ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು. ಗೈಡ್ಸ್‌ನಲ್ಲಿ ಒಂದೊಂದೇ ಹಂತ: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪ್ರಶಸ್ತಿ. ಅಷ್ಟಾದರೆ ರೈಲ್ವೆ ಕೆಲಸಕ್ಕೆ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇದೆ. ಹುಡುಗಿಗೆ ಇನ್ನೂ ಹನ್ನೊಂದು. ಶೀನ ಆಗಲೇ ರೈಲು ಹತ್ತಿದ್ದ.

"ಬೇಗ ಬೇಗ ಮುಗಿಸೋಕೆ ಆಗಲ್ವಾ ಭಟ್ರೇ?"

"ಸೋಪಾನ ಅಂದ್ರೆ ಮೆಟ್ಟಿಲು ಕಣೋ," ಅಂದರು ಶಾರದಕ್ಕ. "ಲಿಫ್ಟ್ ಅಲ್ಲ. ನನಗೆ ನಗು ಬರೋದು ಎಂತಕ್ಕೆ ಗೊತ್ತಾ? ಡ್ರಾಯಿಂಗ್ ಅಂದ್ರೆ ನೀವೇ ಬಣ್ಣ ಹಾಕ್ತೀರಿ. ಪ್ರಾಜೆಕ್ಟ್ ಅಂದ್ರೆ ಲಲಿತ ರಾತ್ರಿ ಹನ್ನೊಂದರವರೆಗೆ ಥರ್ಮಕೋಲ್ ಕೊಯ್ತಾಳೆ. ಈಗ ಗಂಟನ್ನೂ ನೀವೇ ಹಾಕಿ ಕಳಿಸಿ. ಆ ಮಗು ಮಂಡಗದ್ದೆಗೆ ಹೋಗೋದಾದ್ರೂ ಯಾಕೆ? ನೀವಿಬ್ಬರೇ ಸ್ಕಾರ್ಫು ಕಟ್ಟಿಕೊಂಡು ಹೋಗಿ ಬನ್ನಿ."

ಶೀನ ಉತ್ತರ ಕೊಡಲಿಲ್ಲ. ಕೊಡೋ ಸ್ಥಿತಿಯಲ್ಲಿ ಇರಲಿಲ್ಲ. ಎಡಗೈ ಮಣಿಕಟ್ಟು, ಕುರ್ಚಿ ಕಾಲು, ಬ್ಯಾಗಿನ ಪಟ್ಟಿ, ಮೂರೂ ಒಂದೇ ಹಗ್ಗಕ್ಕೆ ಸಿಕ್ಕಿದ್ದವು. ಎಳೆದಷ್ಟೂ ಬಿಗಿಯಾಯಿತು. ರಘು ಬಿಡಿಸೋಕೆ ಹೋಗಿ ಇನ್ನೊಂದು ಸುತ್ತು ಸೇರಿಸಿದ.

ಶಾರದಕ್ಕ ಹಗ್ಗದ ತುದಿ ತಗೊಂಡು ಜಗಲಿ ಕಂಬಕ್ಕೆ ಎರಡು ಸುತ್ತು ಹಾಕಿ ಎಳೆದರು. "ಇದಲ್ವಾ ನಿನ್ನ ಕ್ಲೋವ್ ಹಿಚ್ಚು? ದಿನಾ ಕೊಟ್ಟಿಗೇಲಿ ಕರು ಕಟ್ಟೋ ಗೂಟಕ್ಕೆ ಹಾಕೋದು ಇದೇ. ಅಲ್ಲವೋ, ನೀನೂ ಸ್ಕೌಟಿಗೆ ಹೋದವನೇ ಅಲ್ವಾ?"

"ಎಷ್ಟು ವರ್ಷ ಆಯ್ತು. ಮರ್ತೋಗಿದೆ."

"ಕಲ್ತಿದ್ರೆ ತಾನೇ ಮರೆಯೋಕೆ. ಗಂಟಿನ ಪರೀಕ್ಷೆ ದಿನ ಹಗ್ಗದ ತುಂಡಿಗೆಲ್ಲ ಗಂಟು ಹಾಕಿ ನಿನ್ನ ಜೇಬಿಗೆ ತುಂಬಿದ್ದು ನಾನು."

ನಾವೆಲ್ಲ ನಕ್ಕೆವು. ಶಾರದಕ್ಕನೂ ನಕ್ಕರು. ಭಟ್ಟರು ಮಾತ್ರ ಮೇಷ್ಟ್ರ ಅಭ್ಯಾಸದಿಂದ ಕೇಳಿದರು, "ನಿಮಗೆ ಯಾರು ಹೇಳಿಕೊಟ್ರು?"

"ನಾನೂ ಗೈಡ್ಸ್ ಸೇರಿದ್ದೆ. ಏಳನೇ ಕ್ಲಾಸಲ್ಲಿ. ಮೂರು ವಾರ."

"ಮೂರೇ ವಾರನಾ?"

"ಅವರಲ್ಲಿ ಕೈ ಕುಲುಕೋಕೆ ಎಡಗೈ ಕೊಡೋದು ಮೇಷ್ಟ್ರೇ, ನಿಮಗೆ ಗೊತ್ತಲ್ಲ. ಆಫ್ರಿಕಾದಲ್ಲಿ ಎಡಗೈಯ ಗುರಾಣಿ ಕೆಳಗಿಟ್ಟು ಕೈ ಕೊಡ್ತಿದ್ರಂತೆ, ನಿನ್ನ ಮೇಲೆ ನಂಬಿಕೆ ಇದೆ ಅಂತ. ಟೀಚರ್ ಆ ಕಥೆ ಹೇಳಿದ್ರು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಮನೆಗೆ ಓಡಿಬಂದು ಜಗಲೀಲಿ ಕೂತಿದ್ದ ಅಪ್ಪಯ್ಯಂಗೆ ಎಡಗೈ ಚಾಚಿದೆ. ಪಕ್ಕದಲ್ಲಿ ಪುರೋಹಿತರು ಬೇರೆ ಕೂತಿದ್ರು. ರಾತ್ರಿ ಊಟಕ್ಕೆ ಎಲೆ ಹಾಕೋ ಹೊತ್ತಿಗೆ ನನ್ನ ಗೈಡ್ಸ್ ಮುಗಿದಿತ್ತು." ಕಾಫಿ ಲೋಟ ಒಂದೊಂದೇ ಜೋಡಿಸಿದರು. "ಐದು ವರ್ಷ ಬಿಟ್ಟು ಇವನು ಸ್ಕೌಟ್ ಸೇರಿ ಅದೇ ಎಡಗೈ ಕೊಟ್ಟ. ಅಪ್ಪಯ್ಯ ಅದನ್ನ ಕುಲುಕಿ ನಕ್ಕಿದ್ದೇ ನಕ್ಕಿದ್ದು. ಊರಿಗೆಲ್ಲ ಹೇಳಿಕೊಂಡು ಬಂದ್ರು."

ಶೀನ ಬಿಡುವಿದ್ದ ಬಲಗೈಯಲ್ಲಿ ತಲೆ ಕೆರೆದುಕೊಂಡ.

ಅಷ್ಟರಲ್ಲಿ ಚಿನ್ನು ಟ್ಯೂಷನ್ನಿಂದ ಬಂದಳು. ಬ್ಯಾಗು ಎತ್ತಲು ನೋಡಿದಳು. ಅಲ್ಲಾಡಲಿಲ್ಲ. ಯಾರನ್ನೂ ಏನೂ ಕೇಳದೆ ಜಿಪ್ ಎಳೆದು ಸಾಮಾನು ತೆಗೆದಿಡತೊಡಗಿದಳು. ಟೆಂಟು ಹೊರಗೆ. ಕೆಟಲ್ ಹೊರಗೆ. ಪವರ್ ಬ್ಯಾಂಕ್ ಹೊರಗೆ. ಎರಡು ಟಾರ್ಚು ಹೊರಗೆ. ಚಕ್ಕುಲಿ ಡಬ್ಬಿ ಹಿಡಿದು ಸ್ವಲ್ಪ ಯೋಚಿಸಿದಳು. ಒಳಗೆ.

ಕುರ್ಚಿಗೆ ಸಿಕ್ಕಿಕೊಂಡ ಅಪ್ಪನನ್ನು ಆಮೇಲೆ ನೋಡಿದಳು, ಅದಕ್ಕೂ ಆಮೇಲೆ ಕಂಬದ ಗಂಟು ನೋಡಿದಳು.

"ಇದು ಯಾರು ಹಾಕಿದ್ದು? ಅತ್ತೆ, ನೀನಾ? ನೀನೂ ಗೈಡಾ?" ಅಂತ ಎಡಗೈ ಚಾಚಿದಳು.

"ಏಯ್, ದೊಡ್ಡವರಿಗೆ ಬಲಗೈ ಕೊಡೇ," ಅಂದಳು ಬಾಗಿಲಲ್ಲಿ ನಿಂತಿದ್ದ ಲಲಿತ.

ಶಾರದಕ್ಕ ಎಡಗೈಯನ್ನು ಸೆರಗಿಗೆ ಒರೆಸಿಕೊಂಡರು. ಎರಡು ಸಲ ಒರೆಸಿಕೊಂಡರು. ಕೊಟ್ಟರು.

"ಅಕ್ಕ, ಇದೊಂದು ಬಿಡಿಸು ಮಾರಾಯ್ತಿ," ಅಂದ ಶೀನ.

"ತಡಿಯೋ, ಕೈ ಬಿಡುವಿಲ್ಲ."