‘ಖಾಲಿ ಹೊಟ್ಟೆ’, ‘ಡೋಸ್’: ಸರಿಯಾದ ಪದ ಬೇಕು, ನಾಳೆ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ಶ್ವಾಸಕೋಶದ ಕ್ಯಾನ್ಸರ್‌ಗೆ ಮನೆಯಲ್ಲೇ ನುಂಗುವ ಟಾರ್ಗೆಟೆಡ್ ಥೆರಪಿ (ಕ್ಯಾನ್ಸರ್ ಕೋಶದ ನಿರ್ದಿಷ್ಟ ಗುರಿಗೇ ಹೊಡೆಯುವ ಚಿಕಿತ್ಸೆ) ಮಾತ್ರೆಗಳ ಬಗ್ಗೆ ಒಂದು ಪುಟದ ಚೀಟಿ ಮಾಡುತ್ತಿದ್ದೇನೆ. ನಾಳೆ ಹನ್ನೊಂದಕ್ಕೆ ಅಚ್ಚಿಗೆ ಕೊಡಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ಖಾಲಿ ಹೊಟ್ಟೆ’. ಹೊಸನಗರದ ನಮ್ಮ ದೊಡ್ಡಮ್ಮನಿಗೆ ಎರ್ಲೋಟಿನಿಬ್ 150 ಕೊಟ್ಟಿದ್ದರು. ತಿನ್ನುವುದಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ತಿಂದು ಎರಡು ಗಂಟೆ ಆದಮೇಲೆ ನುಂಗಬೇಕಾದ ಮಾತ್ರೆ. ಚೀಟಿಯಲ್ಲಿ ಇದ್ದದ್ದು ‘ಖಾಲಿ ಹೊಟ್ಟೆಯಲ್ಲಿ’ ಅಂತ ಅಷ್ಟೇ. ಅವರು ಎದ್ದು ಹಾಲು ಹಾಕಿದ ಕಷಾಯ ಕುಡಿದು, ಮಾತ್ರೆ ನುಂಗಿ, ಕೂಡಲೇ ಅವಲಕ್ಕಿಗೆ ಕೂರುತ್ತಿದ್ದರು. ‘ತಿಂಡಿ ಆಗಿಲ್ವಲ್ಲ, ಖಾಲಿ ಹೊಟ್ಟೆಯೇ’ ಅನ್ನೋದು ಅವರ ಲೆಕ್ಕ. ಆಹಾರದ ಜೊತೆ ಹೋದರೆ ಈ ಮಾತ್ರೆ ಮೈಗೆ ಜಾಸ್ತಿ ಸೇರುತ್ತದೆ. ಮುಖದ ತುಂಬ ಗುಳ್ಳೆ ಎದ್ದವು, ಭೇದಿ ಶುರುವಾಯಿತು. ನಾವು ಪಿತ್ತ ಅಂದುಕೊಂಡು ಸುಮ್ನಿದ್ದೆವು. ಡಾಕ್ಟರು ಕೂರಿಸಿ ಎಷ್ಟು ಗಂಟೆಗೆ ಏನು ಅಂತ ಕೇಳಿದಾಗಲೇ ಗೊತ್ತಾಗಿದ್ದು.

ಎರಡು, ‘ತಪ್ಪಿದ ಡೋಸ್’. ಇದನ್ನು ‘ತಪ್ಪು ಡೋಸ್’ ಅಂತಲೇ ಓದುತ್ತಾರೆ.

ಮೂರು, ಟಾರ್ಗೆಟೆಡ್ ಥೆರಪಿ. ‘ಉದ್ದೇಶಿತ ಚಿಕಿತ್ಸೆ’ ಅನ್ನೋದು ಕಂಡೆ. ‘ಉದ್ದೇಶಿತ ಮೇಲ್ಸೇತುವೆ’ ಅಂದರೆ ಇನ್ನೂ ಕಟ್ಟದ ಸೇತುವೆ, ಅಲ್ವಾ?

(ಶಿವಮೊಗ್ಗದಿಂದ)

*

ಡೋಸ್‌ಗೆ ಪದ ಹುಡುಕುವುದೇಕೆ? ಮಾತ್ರೆ ಎಂದರೇ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಔಷಧದ ಅಳತೆಗೂ ಅದೇ ಮಾತು. ನುಂಗುವ ವಸ್ತುವಿಗೆ ಆ ಹೆಸರು ಅಂಟಿದ್ದು ಆಮೇಲೆ. ವಸ್ತುವಿಗೆ ‘ಗುಳಿಗೆ’, ಅಳತೆಗೆ ‘ಮಾತ್ರೆ’. ಚರ್ಚೆ ಮುಗಿಯಿತು.

(ತೀರ್ಥಹಳ್ಳಿಯಿಂದ)

*

ಮುಗಿದಿಲ್ಲ. ಮಾತ್ರೆ, ಗುಳಿಗೆ, ಚಿಕಿತ್ಸೆ ಎಲ್ಲ ಸಂಸ್ಕೃತದಿಂದ ಬಂದವು. ನಮ್ಮದು ಮದ್ದು. ಹಳಗನ್ನಡದ ಮರ್ದು, ತಮಿಳಿನ ಮರುಂದು, ಒಂದೇ ಬೇರು. ಟಾರ್ಗೆಟೆಡ್ ಥೆರಪಿಗೆ ‘ಗುರಿಮದ್ದು’ ಅನ್ನಿ. ಐದು ವರ್ಷದಲ್ಲಿ ರೂಢಿಗೆ ಬರುತ್ತದೆ.

(ಸಾಗರದಿಂದ)

*

ನಾನು ಔಷಧಿ ಅಂಗಡಿಯವನು. ಐದು ವರ್ಷ ಕಾಯಲು ನನ್ನ ಮುಂದೆ ನಿಂತವರಿಗೆ ಆಗುವುದಿಲ್ಲ.

ಗುರಿಮದ್ದು ಬೇಡ. ನಮ್ಮ ಕಡೆ ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ಕೂಡ ಮದ್ದು, ಕೋವಿಗೆ ತುಂಬುವುದೂ ಮದ್ದು. ಅದರ ಮುಂದೆ ‘ಗುರಿ’ ಸೇರಿಸಿದರೆ ಏನು ಕೇಳಿಸುತ್ತದೆ ನೀವೇ ಹೇಳಿ.

ಡೋಸ್‌ಗೆ ‘ಮಾತ್ರೆ’ ಬರೆಯುವುದು ಅಪಾಯ. ಇದೇ ಬಗೆಯ ಇನ್ನೊಂದು ಔಷಧ ಅಲೆಕ್ಟಿನಿಬ್, 150 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್ ಸೇರಿ ಒಂದು ಡೋಸ್, ದಿನಕ್ಕೆ ಎರಡು ಸಲ. ‘ಒಂದು ಮಾತ್ರೆ’ ಅಂತ ಬರೆದರೆ ಒಂದನ್ನೇ ನುಂಗುತ್ತಾರೆ. ಇನ್ನೊಂದು ವಿಷಯ, ಅದು ಊಟದ ಜೊತೆಯೇ ಹೋಗಬೇಕು. ಒಸಿಮರ್ಟಿನಿಬ್ ಅನ್ನೋ ಮತ್ತೊಂದಕ್ಕೆ ಊಟದ ಕಟ್ಟುಪಾಡೇ ಇಲ್ಲ. ಹಾಗಾಗಿ ಎಲ್ಲಕ್ಕೂ ಒಂದೇ ಸಾಲು ಅಚ್ಚು ಹಾಕಬೇಡಿ. ಗಂಟೆಯ ಜಾಗ ಖಾಲಿ ಬಿಡಿ, ಕೈಯಲ್ಲಿ ತುಂಬಿಸಲಿ.

‘ಪುಡಿ ಮಾಡಬೇಡಿ’ ಜೊತೆ ‘ತೇಯಬೇಡಿ’ ಸೇರಿಸಿ. ಸಾಣೆಕಲ್ಲಿನ ಮೇಲೆ ಜೇನು ಹಾಕಿ ತೇಯ್ದು ಕೊಟ್ಟವರನ್ನು ಕೇಳಿದರೆ ‘ನಾವು ಪುಡಿ ಮಾಡಿಲ್ಲ’ ಅಂದರು. ಸುಳ್ಳಲ್ಲ, ಅವರ ಕನ್ನಡದಲ್ಲಿ ಅದು ಪುಡಿ ಅಲ್ಲ. ಕೆಲವು ಮಾತ್ರೆಗಳ ಜೊತೆ ತಿನ್ನಬಾರದ ಗ್ರೇಪ್‌ಫ್ರೂಟ್ ಅನ್ನು ‘ದ್ರಾಕ್ಷಿ’ ಅಂತ ಬರೆದ ಚೀಟಿಯನ್ನೂ ನೋಡಿದ್ದೇನೆ. ಅದು ಚಕ್ಕೋತದ ಬಳಗದ ಹಣ್ಣು. ‘ಗ್ಯಾಸಿನ ಮಾತ್ರೆ ಕೇಳದೆ ಬೇಡ’ ಅಂತಲೂ ಬರೆಯಿರಿ. ‘ಆಮ್ಲ ಶಾಮಕ’ ಬರೆದರೆ ಯಾರಿಗೂ ತಿಳಿಯಲ್ಲ.

(ಶಿವಮೊಗ್ಗ, ಔಷಧಿ ಅಂಗಡಿ)

*

ಹಾಗಾದರೆ ಡೋಸ್ ಅಂತಲೇ ಇರಲಿ ಅನ್ನಿ. ಇವತ್ತು ಡೋಸ್, ನಾಳೆ ಸ್ಟಮಕ್. ಎರವಲು ತಂದು ತಂದು ಮನೆಯ ಪಾತ್ರೆ ಮರೆತಿದ್ದೇವೆ.

(ಸಾಗರದಿಂದ)

*

ಸಾಗರದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಲಸಿಕೆಯ ಕಾಲದಿಂದ ಡೋಸ್ ನಮ್ಮ ದೊಡ್ಡಮ್ಮನ ಬಾಯಲ್ಲೂ ಇದೆ. ಅದನ್ನು ಕಿತ್ತುಹಾಕಲ್ಲ. ಅದರ ಪಕ್ಕ ಮನೆಯ ಪಾತ್ರೆಯೂ ಇರಲಿ ಅಂತ ‘ಹೊತ್ತು’ ಇಡುತ್ತೇನೆ. ಎರಡು ಹೊತ್ತಿನ ಊಟ ಅಂದ ಹಾಗೆ ಒಂದು ಹೊತ್ತಿನ ಡೋಸ್. ಈಗ ಹೀಗಿದೆ:

‘ಒಂದು ಹೊತ್ತಿನ ಡೋಸ್ ಮರೆತುಹೋದರೆ, ಮುಂದಿನ ಹೊತ್ತಿಗೆ ಎರಡನ್ನೂ ಸೇರಿಸಿ ನುಂಗಬೇಡಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿ.’

ಎರ್ಲೋಟಿನಿಬ್ ಚೀಟಿಗೆ: ‘ಮಾತ್ರೆ ನುಂಗುವ ಮೊದಲು ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ಕಷಾಯ, ಕಾಫಿ, ಹಾಲು, ತಿಂಡಿ ಏನೂ ಬೇಡ. ನೀರು ಮಾತ್ರ.’ ‘ಖಾಲಿ ಹೊಟ್ಟೆ’ ತೆಗೆದುಬಿಟ್ಟೆ. ತಲೆಬರಹಕ್ಕೆ ‘ಗುರಿ ಚಿಕಿತ್ಸೆ’, ಕೆಳಗೆ ಟಾರ್ಗೆಟೆಡ್ ಥೆರಪಿ.

ಒಂದು ಉಳಿದಿದೆ. ‘ಹೊಸದಾಗಿ ದಮ್ಮು ಬಂದರೆ, ಕೆಮ್ಮು ಜಾಸ್ತಿಯಾದರೆ, ಜ್ವರ ಬಂದರೆ ಅವತ್ತೇ ತಿಳಿಸಿ’ ಅಂತ ಬರೆದಿದ್ದೇನೆ. ಈ ಮಾತ್ರೆಗಳಿಂದ ಅಪರೂಪಕ್ಕೆ ಶ್ವಾಸಕೋಶವೇ ಊದಿಕೊಳ್ಳುವುದುಂಟು, ತಡ ಮಾಡುವ ಹಾಗಿಲ್ಲ. ಆದರೆ ದಮ್ಮು ಅಂದರೆ ನಮ್ಮಲ್ಲಿ ಅಸ್ತಮಾ. ಹಳೇ ಪಂಪ್ ಹೊಡೆದುಕೊಂಡು ಕೂತುಬಿಟ್ಟರೆ? ‘ಏದುಸಿರು’ ಸಾಕಾ? ಹತ್ತೂವರೆಯೊಳಗೆ ಯಾರಾದರೂ ಹೇಳಿ.

(ಶಿವಮೊಗ್ಗದಿಂದ)