ಪಿಎಫ್ ಬಂದ ಕೂಡಲೇ ಮನೆ ಸಾಲ ಮುಗಿಸುವುದಾ? ದೊಡ್ಡಮ್ಮ ಹೇಳಿದ್ದು

ಹಾಂ, ಬ್ರಹ್ಮಾವರದ ಮಗಳೇ, ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ನಮ್ಮ ಕುಟುಂಬದ ಗ್ರೂಪಿಗೆ ಹಾಕಿದ್ದನ್ನು ಈಗಷ್ಟೇ ನೋಡಿದೆ. ಟೈಪ್ ಮಾಡ್ಲಿಕ್ಕೆ ಕೂತರೆ ಮಧ್ಯಾಹ್ನ ಆಗ್ತದೆ, ಹಾಗಾಗಿ ಮಾತಾಡಿಯೇ ಹೇಳ್ತೇನೆ. ಅಳಿಯನಿಗೆ, ಅಂದರೆ ನಿನ್ನ ಗಂಡನಿಗೆ, ಇನ್ನು ಹದಿನಾಲ್ಕು ತಿಂಗಳಿಗೆ ಐವತ್ತೆಂಟು ತುಂಬಿ ರಿಟೈರ್ಮೆಂಟ್. ಮನೆ ಸಾಲ 7 ಲಕ್ಷ ಬಾಕಿ, ಸಹಕಾರಿ ಸೊಸೈಟಿಯಲ್ಲಿ ಚಿನ್ನದ ಮೇಲೆ 2 ಲಕ್ಷ, ಕ್ರೆಡಿಟ್ ಕಾರ್ಡಿನಲ್ಲಿ 85 ಸಾವಿರ, ಬ್ಯಾಂಕಿನಲ್ಲಿ ಒಂದೂವರೆ ಲಕ್ಷದ ಎಫ್‌ಡಿ. ಪಿಎಫ್ ಬಂದ ಕೂಡಲೇ ಮನೆ ಸಾಲ ಪೂರ್ತಿ ಕಟ್ಟಿ ಮುಗಿಸಿಬಿಡುವುದಾ ದೊಡ್ಡಮ್ಮ, ನಿದ್ರೆ ಬರ್ತಾ ಇಲ್ಲ ಅಂತ ಕೇಳಿದ್ದಿ.

ಬೇಡ. ಒಂದು ವರ್ಷದ ಖರ್ಚು ಬೇರೆ ತೆಗೆದಿಡದೆ ಮನೆ ಸಾಲ ಮುಗಿಸ್ಲಿಕ್ಕೆ ಹೋಗ್ಲೇಬೇಡ.

ನಾನು 2017ರಲ್ಲಿ ರಿಟೈರ್ ಆದದ್ದು ನಿಮಗೆಲ್ಲ ಗೊತ್ತುಂಟು. ಪಿಎಫ್, ಗ್ರ್ಯಾಚುಯಿಟಿ ಎಲ್ಲ ಸೇರಿ 11,60,000 ಬಂತು. ಮನೆ ಸಾಲ 9,10,000 ಇತ್ತು, ಬಡ್ಡಿ ಒಂಬತ್ತೂವರೆ. ಸಾಲ ಇಟ್ಟುಕೊಂಡು ಮನೆಯಲ್ಲಿ ಕೂರುವುದು ಹೇಗೆ ಅಂತ ಮರುವಾರವೇ ಹೋಗಿ ಪೂರ್ತಿ ಕಟ್ಟಿದೆ. ಮಳೆಗಾಲದಲ್ಲಿ ಟೆರೇಸ್ ಸೋರ್ತಿತ್ತು, ಶೀಟ್ ಹಾಕಿಸ್ಲಿಕ್ಕೆ 1,10,000 ಹೋಯ್ತು. ಉಳಿದದ್ದು 1,40,000. ಏಳನೇ ತಿಂಗಳಿಗೆ ದೊಡ್ಡಪ್ಪನಿಗೆ ಬೈಪಾಸ್. ಬಿಲ್ 3,40,000. ಆಫೀಸಿನ ಗ್ರೂಪ್ ಇನ್ಶೂರೆನ್ಸ್ ನಾನು ರಿಟೈರ್ ಆದ ದಿನವೇ ಮುಗಿದಿತ್ತು, ಬೇರೆ ಪಾಲಿಸಿ ಮಾಡಿಸಿರಲಿಲ್ಲ. ಸಾಲ ಕಟ್ಟಿದ ಬ್ಯಾಂಕಿಗೇ ಹೋಗಿ ಎರಡು ಲಕ್ಷ ಕೇಳಿದೆ. ಸ್ಯಾಲರಿ ಸ್ಲಿಪ್ ಕೊಡಿ ಅಂದರು. ಎಲ್ಲಿಂದ ತರುವುದು? ಮನೆ ಸಾಲಕ್ಕೆ ಕಟ್ಟಿದ ಹಣ ಗೋಡೆಯೊಳಗೆ ಹೋದ ಹಾಗೆ, ಬೇಕು ಅಂದಾಗ ತಿರುಗಿ ಬರುವುದಿಲ್ಲ.

ಮತ್ತೆ ಬಳೆ, ಸರ ಎಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಒಂದು ಫೈನಾನ್ಸಿಗೆ ಹೋದದ್ದು. ಹೆಸರು ಬೇಡ. ಬಳೆಯ ಕಲ್ಲಿನ ತೂಕ ಕಳೆದು, ಒಳಗಿನ ಅರಗಿನ ತೂಕ ಕಳೆದು, ಉಳಿದದ್ದಕ್ಕೆ ಕೊಟ್ಟರು. ನೂರಕ್ಕೆ ಎರಡು ಬಡ್ಡಿ. ಎರಡು ಲಕ್ಷಕ್ಕೆ ತಿಂಗಳಿಗೆ 4,000. ಬಿಡಿಸ್ಲಿಕ್ಕೆ 26 ತಿಂಗಳು ಬೇಕಾಯ್ತು, ಬಡ್ಡಿಯೇ 1,04,000. ಅದೇ ಎರಡು ಲಕ್ಷವನ್ನು ಮನೆ ಸಾಲಕ್ಕೆ ಕಟ್ಟದೆ ಇಟ್ಟುಕೊಂಡಿದ್ದರೆ ಬ್ಯಾಂಕಿಗೆ ತಿಂಗಳಿಗೆ ಹೋಗ್ತಿದ್ದದ್ದು ಸುಮಾರು 1,600. ಲೆಕ್ಕದ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು, ನನಗೇ ಆವತ್ತು ಇದು ಹೊಳೆಯಲಿಲ್ಲ. ಅದಕ್ಕೇ ಪುನಃ ಹೇಳ್ತೇನೆ, ಒಂದು ವರ್ಷದ ಖರ್ಚು ಬೇರೆ ತೆಗೆದಿಡದೆ ಮನೆ ಸಾಲ ಮುಗಿಸ್ಬೇಡ. ಯಾರು ಏನೇ ಹೇಳಲಿ.

ಯಾರು ಏನೇ ಹೇಳಲಿ ಅಂದದ್ದು ಸುಮ್ಮನೆ ಅಲ್ಲ. ನಿನ್ನ ಮಗಳ ಮದುವೆಗೆ ಇನ್ನೆರಡು ವರ್ಷ ಅಂತ ಕೆಳಗೆ ಬರೆದಿದ್ದಿ, ಅದಕ್ಕೆ ಆಗಲೇ ಇಬ್ಬರು ಮೂವರು ಹಾಲ್ ಹೆಸರು ಹಾಕಿದ್ದನ್ನೂ ನೋಡಿದೆ. ನಮ್ಮ ಮಗಳು ಮೆಹಂದಿ ಬೇಡವೇ ಬೇಡ ಅಂದಿದ್ದಳು. ಹಿರಿಯರು ಕೂತು, ನಮ್ಮ ಮನೆಯಲ್ಲಿ ಮೆಹಂದಿ ಇಲ್ಲದೆ ಮದುವೆಯಾ, ಜನ ಎಂತ ಹೇಳುವರು ಅಂದರು. ಮದುವೆಗಿಂತ ಮೆಹಂದಿಗೇ ಹೆಚ್ಚು ಜನ. ಸ್ಟೇಜು, ಲೈಟು, ಡಿಜೆ, ಎರಡು ಬಗೆ ಊಟ. ಅದಕ್ಕೆ ತೆಗೆದ ಪರ್ಸನಲ್ ಲೋನಿನ ಕಂತು ಐದು ವರ್ಷ ನನ್ನ ಸಂಬಳದಿಂದ ಹೋಯ್ತು. ಆ ಐದು ವರ್ಷ ಒಂದು ರೂಪಾಯಿ ಬೇರೆ ಕೂಡಿಡ್ಲಿಕ್ಕೆ ಆಗಲಿಲ್ಲ, ಕಡೆಗೆ ಕೈ ಖಾಲಿ ಇದ್ದದ್ದಕ್ಕೆ ಅದೂ ಒಂದು ಕಾರಣ. ಆ ರಾತ್ರಿ ಐಸ್‌ಕ್ರೀಮ್ ಸಾಕಾಗಲಿಲ್ಲ ಅಂತ ಹೇಳಿಕೊಂಡು ಹೋದವರು ಇದೇ ಗ್ರೂಪಿನಲ್ಲಿ ಇದ್ದೀರಿ. ದೊಡ್ಡಪ್ಪ ಐಸಿಯುನಲ್ಲಿ ಹನ್ನೊಂದು ದಿನ ಮಲಗಿದ್ದಾಗ ನಿಮ್ಮಲ್ಲಿ ಒಬ್ಬರದೂ ಫೋನ್ ಇಲ್ಲ. ಅದು ನನಗೆ ಇನ್ನೂ ನೋವುಂಟು, ಮುಚ್ಚಿಟ್ಟು ಮಾತಾಡ್ಲಿಕ್ಕೆ ನನಗೆ ಬರುವುದಿಲ್ಲ. ಮಗಳೇ, ರಿಟೈರ್ಮೆಂಟ್ ಹಣ ಮೆಹಂದಿಗೆ ಮುಟ್ಟಬೇಡ. ಮಗಳನ್ನೇ ಕೇಳು, ಅವಳಿಗೆ ಎಂತ ಬೇಕು ಅಂತ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯ್ತು. ಎಂತ ಮಾಡುವುದು ಅಂತಲ್ಲವಾ? ಪೆನ್ನು ತಗೋ.

ಮೊದಲು ಕಾರ್ಡು. ಎಫ್‌ಡಿಯನ್ನು ಮುಟ್ಟಿಲ್ಲ ಅಂತ ಸಮಾಧಾನದಲ್ಲಿ ಬರೆದಿದ್ದಿ, ಅದೇ ತಪ್ಪು. ಎಫ್‌ಡಿ ನಿನಗೆ ವರ್ಷಕ್ಕೆ ನೂರಕ್ಕೆ ಏಳು ಕೊಡ್ತದೆ. ಕಾರ್ಡು ತಿಂಗಳಿಗೆ ಮೂರೂವರೆ, ಅಂದರೆ ವರ್ಷಕ್ಕೆ 42 ತಗೊಳ್ತದೆ. 85 ಸಾವಿರಕ್ಕೆ ತಿಂಗಳ ಬಡ್ಡಿ 2,975, ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 3,510 ಆಯ್ತು. ಮಿನಿಮಮ್ ಅಂತ ನೀನು ಕಟ್ಟುವ 4,250ರಲ್ಲಿ ಅಸಲಿಗೆ ಹೋಗುವುದು 740 ಮಾತ್ರ. ನಿನ್ನ 7 ಲಕ್ಷದ ಮನೆ ಸಾಲಕ್ಕೆ ಎಂಟೂವರೆಯ ದರದಲ್ಲಿ ತಿಂಗಳ ಬಡ್ಡಿ ಸುಮಾರು 4,960. ಈಗ ಯಾವುದು ದೊಡ್ಡ ಸಾಲ ಹೇಳು. ಈ ವಾರವೇ ಎಫ್‌ಡಿ ಮುರಿದು ಕಾರ್ಡ್ ಪೂರ್ತಿ ಕಟ್ಟು. ಅವಧಿಗೆ ಮೊದಲು ಮುರಿದದ್ದಕ್ಕೆ ಬಡ್ಡಿಯಲ್ಲಿ ಸ್ವಲ್ಪ ಕಡಿಯುತ್ತಾರೆ, ಕಡಿಯಲಿ. ಉಳಿದ 65 ಸಾವಿರ ಹಾಗೆಯೇ ಇರಲಿ. ಬಾಕಿ ಇರುವಷ್ಟು ದಿನ ಆ ಕಾರ್ಡಿನಲ್ಲಿ ಹೊಸ ಸಾಮಾನು ತಗೊಂಡರೆ ತಗೊಂಡ ದಿನದಿಂದಲೇ ಬಡ್ಡಿ ಶುರು, ಬಡ್ಡಿ ಇಲ್ಲದ ಆ ನಲವತ್ತೈದು ದಿನದ ವಿನಾಯಿತಿ ಸಿಗುವುದಿಲ್ಲ.

ಆಮೇಲೆ ಚಿನ್ನ. ಸೊಸೈಟಿಯಲ್ಲಿ ವರ್ಷಕ್ಕೆ ನೂರಕ್ಕೆ ಹತ್ತು ಅಂದಿದ್ದಿ, ತಿಂಗಳಿಗೆ 1,667. ಸಂಬಳ ಇರುವಾಗಲೇ ತಿಂಗಳಿಗೆ 15 ಸಾವಿರದ ಹಾಗೆ ಅಸಲಿಗೂ ಸೇರಿಸಿ ಕಟ್ಟುತ್ತಾ ಬಾ, ರಿಟೈರ್ ಆಗುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ಬಡ್ಡಿ ಮಾತ್ರ ಕಟ್ಟಿ ವರ್ಷ ವರ್ಷ ನವೀಕರಿಸುವ ಅಭ್ಯಾಸ ಬಿಡು.

ಮನೆ ಸಾಲ ಕಡೆಗೆ. ಈಗಿನ 14 ಸಾವಿರದ ಕಂತು ಹಾಗೆಯೇ ನಡೆಯಲಿ. ಹಣ ಬಂದ ಮೇಲೆ ವರ್ಷದ ಖರ್ಚು ಬದಿಗಿಟ್ಟು 3 ಲಕ್ಷ ಕಟ್ಟು. ಆಗ ಬ್ಯಾಂಕಿನವರು ಸಾಮಾನ್ಯವಾಗಿ ಕೇಳದೆಯೇ ಅವಧಿ ಕಡಿಮೆ ಮಾಡಿ ಕಂತು ಹಾಗೆಯೇ ಬಿಡ್ತಾರೆ. ನೀನು ಬರವಣಿಗೆಯಲ್ಲಿ, ಅವಧಿ ಹಾಗೆಯೇ ಇರಲಿ, ಕಂತು ಇಳಿಸಿ ಅಂತ ಕೊಡು. ಈಗಿನ ಲೆಕ್ಕದಲ್ಲಿ 7 ಲಕ್ಷ 4 ಲಕ್ಷ ಆದರೆ 14 ಸಾವಿರದ ಕಂತು 8 ಸಾವಿರಕ್ಕೆ ಇಳಿಯುತ್ತದೆ. ಸಂಬಳ ಇರುವವರಿಗೆ ಅವಧಿ ಇಳಿಸುವುದು ಲಾಭ, ಸಂಬಳ ನಿಂತವರಿಗೆ ಕಂತು ಇಳಿಯಬೇಕು. ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಏರಿಳಿಯುವ ಮನೆ ಸಾಲಕ್ಕೆ ಮೊದಲೇ ಕಟ್ಟಿದ್ದಕ್ಕೆ ದಂಡ ಹಾಕುವ ಹಾಗಿಲ್ಲ, ಕೇಳಿದರೆ ಕೊಡಬೇಡ.

ವರ್ಷದ ಖರ್ಚು ಎಷ್ಟು? ಮನೆಗೆ 28 ಸಾವಿರ, ಕಂತಿಗೆ 8 ಸಾವಿರ ಅಂತ ಹಿಡಿ, ಹನ್ನೆರಡು ತಿಂಗಳಿಗೆ 4,32,000. ಇದನ್ನು ಒಂದೇ ಎಫ್‌ಡಿ ಮಾಡಬೇಡ, ನಾಲ್ಕು ತುಂಡು ಮಾಡು. ಬೇಕಾದಾಗ ಒಂದನ್ನು ಮುರಿದರೆ ಉಳಿದ ಮೂರರ ಬಡ್ಡಿ ಉಳಿಯುತ್ತದೆ. ಬ್ಯಾಂಕಿನಲ್ಲೇ ಇಡು. ಅರ್ಧ ಪರ್ಸೆಂಟ್ ಜಾಸ್ತಿ ಅಂತ ಸೊಸೈಟಿಗೆ ಹಾಕಬೇಡ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಸಹಕಾರಿ ಬ್ಯಾಂಕಿಗೂ ಉಂಟು, ಸೊಸೈಟಿಗೆ ಇಲ್ಲ. ನಮ್ಮ ಊರಿನವರಿಗೆ ಎರಡೂ ಒಂದೇ ಅಂತ ಕಾಣ್ತದೆ.

ಮತ್ತೆ ಉಳಿದದ್ದಕ್ಕೆ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ದರ 8.2 ಆಯ್ತು. ಖಾತೆ ತೆರೆದ ದಿನದ ದರವೇ ಐದು ವರ್ಷಕ್ಕೂ, ಹಾಗಾಗಿ ಹಾಕುವ ದಿನ ದರ ಕೇಳಿಕೋ. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ಬರ್ತದೆ. ಅರವತ್ತು ಆಗಬೇಕಲ್ಲ ಅಂತ ಬಿಡಬೇಡ. ಐವತ್ತೈದು ದಾಟಿ ರಿಟೈರ್ ಆದವರು ಹಣ ಕೈಗೆ ಬಂದ ಮೂರು ತಿಂಗಳೊಳಗೆ, ಕಂಪನಿಯ ಸರ್ಟಿಫಿಕೇಟ್ ಇಟ್ಟು ತೆರೆಯಬಹುದು. ಮೂರು ತಿಂಗಳು ದಾಟಿದರೆ ಅರವತ್ತರವರೆಗೆ ಕಾಯಬೇಕು.

ಇನ್ಶೂರೆನ್ಸ್ ಈಗಲೇ ಮಾಡಿಸು, ರಿಟೈರ್ ಆದ ಮೇಲಲ್ಲ. ಅಳಿಯನಿಗೆ ಶುಗರ್ ಉಂಟು, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆ ಲೆಕ್ಕ ಇವತ್ತೇ ಶುರುವಾಗಲಿ. ಶುಗರ್ ಇರುವುದನ್ನು ಫಾರ್ಮಿನಲ್ಲಿ ಬರೆಯಲೇಬೇಕು. ಮಣಿಪಾಲದ ಆರೋಗ್ಯ ಕಾರ್ಡ್ ಮಾಡಿಸಿದ್ದೇವಲ್ಲ ಅನ್ನಬೇಡ, ಅದು ಬಿಲ್ಲಿನಲ್ಲಿ ರಿಯಾಯಿತಿ, ವಿಮೆ ಅಲ್ಲ.

ಇನ್ನೊಂದು. ಅಳಿಯನ ಯುಎಎನ್, ಅಂದರೆ ಪಿಎಫ್ ನಂಬರಿನ ಖಾತೆ, ತೆರೆದು ನೋಡಿ. ಸಂಬಳದ ಖಾತೆ ಹಿಂದೆ ಸಿಂಡಿಕೇಟ್ ಬ್ಯಾಂಕಿನದ್ದಾಗಿತ್ತಲ್ಲ? 2020ರಲ್ಲಿ ಅದು ಕೆನರಾಕ್ಕೆ ಸೇರಿತು, ಶಾಖೆಯ ಐಎಫ್‌ಎಸ್‌ಸಿ ಕೋಡ್ ಬದಲಾಯ್ತು. ಪಿಎಫ್‌ನಲ್ಲಿ ಹಳೆಯದೇ ಇದ್ದರೆ ಹಣ ಬರುವುದಿಲ್ಲ. ಆಧಾರಿನಲ್ಲಿ ಪೂರ್ತಿ ಹೆಸರು, ಪಿಎಫ್‌ನಲ್ಲಿ ಇನಿಶಿಯಲ್ ಇದ್ದರೂ ತಿರಸ್ಕಾರ ಆಗ್ತದೆ. ಹದಿನಾಲ್ಕು ತಿಂಗಳು ಉಂಟು, ಈಗಲೇ ಸರಿ ಮಾಡಿಸಿ. ಗ್ರ್ಯಾಚುಯಿಟಿ ಲೆಕ್ಕ ನೀವೇ ಹಾಕಿಕೊಳ್ಳಿ. ಮೂಲ ವೇತನ, ಡಿಎ ಸೇರಿ ತಿಂಗಳಿಗೆ 26 ಸಾವಿರ ಇದ್ದರೆ ಕೆಲಸ ಮಾಡಿದ ಒಂದೊಂದು ವರ್ಷಕ್ಕೆ 15 ಸಾವಿರ, 28 ವರ್ಷಕ್ಕೆ 4,20,000.

ಮನೆ ಸಾಲ ಮುಗಿಯುವ ದಿನ ಬರುವಾಗ ನೆನಪಿಟ್ಟುಕೋ, ಮೂವತ್ತು ದಿನದೊಳಗೆ ಅಸಲು ದಾಖಲೆ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ಅವರೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2023ರಲ್ಲಿ ಬಂದಿದೆ. ನನ್ನ ಕಾಲಕ್ಕೆ ಇರಲಿಲ್ಲ, ನಾಲ್ಕು ತಿಂಗಳು ಅಲೆದೆ. ದಾಖಲೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ, ಸಾಲ ತೀರಿದ್ದು ಅದರಲ್ಲಿ ಬಂದಿದೆಯಾ ನೋಡು.

ಭಾನುವಾರ ಇಬ್ಬರೂ ಇಲ್ಲಿಗೆ ಬನ್ನಿ, ಮನೆ ಸಾಲದ ಸ್ಟೇಟ್‌ಮೆಂಟ್, ಸೊಸೈಟಿ ಪಾಸ್‌ಬುಕ್ ತನ್ನಿ, ಊಟ ಇಲ್ಲೇ. ಕಾರ್ಡಿನ ಬಿಲ್ ಕಟ್ಟುವ ಕೊನೆಯ ತಾರೀಕು ಯಾವುದು ಅಂತ ಮಾತ್ರ ಈಗಲೇ ಒಂದು ಮೆಸೇಜ್ ಹಾಕು.